ಸಾಹೇಬರ ಮೊಲ

ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಘಾಟಿಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿಬಿಡಬಹುದಿತ್ತು. ಮುಚ್ಚದಿದ್ದರೂ ನನ್ನ ವ್ಯಾನಿನ ಚಕ್ರ ಜಾರಬಹುದಿತ್ತು. ಚೈನುಗಳೇನೋ ಡಿಕ್ಕಿಯಲ್ಲಿದ್ದವು, ಅವನ್ನು ಚಕ್ರಕ್ಕೆ ಸುತ್ತುವುದನ್ನು ನಾನು ವಿಡಿಯೋದಲ್ಲಿ ಮಾತ್ರ ನೋಡಿದ್ದೆ. ಸಾಹೇಬರ ಆಕ್ಸಿಜನ್ ನಡುದಾರಿಯಲ್ಲಿ ಮುಗಿದುಹೋಗಬಹುದಿತ್ತು. ಮೋಟೆಲಿನವರು ನಾಯಿಯನ್ನು ಕಂಡು ರೂಮು ಕೊಡುವುದಿಲ್ಲ ಎನ್ನಬಹುದಿತ್ತು. ಜಮೀನಿನ ಯಜಮಾನ ತಾನು ಫೋನಿನಲ್ಲಿ ಒಪ್ಪಿಕೊಂಡದ್ದನ್ನು ಮರೆತು, ಇಬ್ಬರು ಕಂದುಬಣ್ಣದ ಗಂಡಸರು ತನ್ನ ಬೇಲಿಯೊಳಗೆ ತಿರುಗಾಡುವುದನ್ನು ನೋಡಿ ಕೋವಿ ತೆಗೆದುಕೊಂಡು ಬರಬಹುದಿತ್ತು. ನಾಯಿ ಮುಳ್ಳುತಂತಿಗೆ ನುಗ್ಗಿ ಹೊಟ್ಟೆ ಹರಿದುಕೊಳ್ಳಬಹುದಿತ್ತು. ಈ ಜಾತಿಯ ನಾಯಿಗೆ ಓಡುವಾಗ ಬೇಟೆಯೊಂದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲವಂತೆ. ಯಾವುದೋ ಬಿಲದೊಳಕ್ಕೆ ಕಾಲು ಹೋಗಿ ಮೂಳೆ ಮುರಿಯಬಹುದಿತ್ತು. ಹಾವು ಇರಬಹುದಿತ್ತು. ಮೊಲವೇ ಏಳದೆ ಇರಬಹುದಿತ್ತು. ಎದ್ದರೂ ಅದರ ಬಾಲ ಕಪ್ಪಗಿರದೆ ಬೆಳ್ಳಗಿರಬಹುದಿತ್ತು; ಬಿಳಿ ಬಾಲದ್ದನ್ನು ಕಾನೂನಿನ ಪ್ರಕಾರ ಮುಟ್ಟುವ ಹಾಗಿಲ್ಲ. ಇದೆಲ್ಲದರ ಮಧ್ಯೆ, ಸೊಪ್ಪಿನ ಸಾರು ತಿಂದು ಬೆಳೆದ ನನಗೇ ರಕ್ತ ನೋಡಿ ತಲೆಸುತ್ತು ಬಂದು, ಕಾಯಿಲೆಯವರು ಆರೋಗ್ಯವಂತನನ್ನು ಎತ್ತಿಕೊಂಡು ಬರುವ ಪ್ರಸಂಗ ಒದಗಬಹುದಿತ್ತು.

ಮೊಲದ ಬೇಟೆಗೆ ಹೊರಡುವ ಮುಂಚೆ ಇವನ್ನೆಲ್ಲ ಒಂದೊಂದಾಗಿ ಸಾಹೇಬರ ಮುಂದೆ ಇಟ್ಟೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ನವೆಂಬರಿನಲ್ಲಿ ಹಾವು ನೆಲದೊಳಗೆ ಮಲಗಿರುತ್ತೆ ಎಂಬುದೊಂದನ್ನು ತಿದ್ದಿದರು.

"ನಿಮ್ಮನ್ನ ನನ್ನ ಟೀಮಿಗೆ ತಗೋಬೇಕಿತ್ತು ಅಯ್ನೋರೆ," ಅಂದರು. "ಇಂಥಾ ಟೆಸ್ಟ್ ಕೇಸ್ ಬರೆಯೋರು ಎಲ್ಲಿ ಸಿಕ್ತಾರೆ."

ಅವರು ತೀರಿಹೋಗಿ ಒಂದು ಚಳಿಗಾಲ ಕಳೆಯಿತು. ನಾಯಿ ಈಗ ನನ್ನ ಹತ್ತಿರ, ಕ್ರಾಸ್‌ರೋಡ್ಸಿನ ಅಪಾರ್ಟ್‌ಮೆಂಟಿನಲ್ಲಿದೆ. ಸ್ವೆಟರ್ ಹಾಕಿಕೊಂಡು ಸೋಫಾದ ಮೇಲೆ ಮಲಗಿರುತ್ತದೆ. ಬಾಲ್ಕನಿಯಾಚೆ ಕಾಗೆ ಹಾರಿದರೆ ಕತ್ತೆತ್ತುತ್ತದೆ, ಕೆಳಗಿನ ಪಾರ್ಕಿಂಗ್ ಲಾಟನ್ನು ಒಮ್ಮೆ ನೋಡುತ್ತದೆ, ಮತ್ತೆ ತಲೆ ಇಳಿಸುತ್ತದೆ. ಅದಕ್ಕೆ ನನ್ನ ಮೇಲೆ ಕೋಪವೇನೂ ಇಲ್ಲ. ನಿರೀಕ್ಷೆಯೂ ಇಲ್ಲ. ನನ್ನ ಮ್ಯಾನೇಜರ್ ನನ್ನನ್ನು ನೋಡುವುದೂ ಸುಮಾರು ಹೀಗೆಯೇ.

*

ಫ್ರೀಮಾಂಟಿನ ನಮ್ಮ ಆಫೀಸಿನಲ್ಲಿ ಸಾಹೇಬರು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು. ನಾವು ಬರೆದ ಪ್ರೋಗ್ರಾಮು ಹೊರಗೆ ಹೋಗಬೇಕಾದರೆ ಅವರು ಹೂಂ ಅನ್ನಬೇಕು. ಅವರು ಸುಲಭಕ್ಕೆ ಅನ್ನುತ್ತಿರಲಿಲ್ಲ. ಒಂದು ಸಲ, ಎಲ್ಲ ಪರೀಕ್ಷೆ ಪಾಸಾಗಿ ಯಾವುದೋ ಮೂಲೆಯ ಒಂದು ಮಾತ್ರ ಫೇಲ್ ಆದಾಗ, ದೊಡ್ಡವರೊಬ್ಬರು ಮೀಟಿಂಗಿನಲ್ಲಿ ಇದು ಹೆಚ್ಚುಕಡಿಮೆ ಪಾಸೇ ಅಲ್ಲವೇ ಎಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಹೆಚ್ಚುಕಡಿಮೆ ಪಾಸಾದದ್ದಕ್ಕೆ ನಮ್ಮ ವಿಭಾಗದಲ್ಲಿ ಫೇಲು ಅಂತ ಹೆಸರು ಎಂದರು. ಬಿಡುಗಡೆ ನಿಂತಿತು. ಬೈದವರಲ್ಲಿ ನಾನೂ ಒಬ್ಬ; ಆ ಮೂಲೆಯ ಕೋಡು ನನ್ನದು.

ಆಫೀಸಿನವರೆಲ್ಲ ಅಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ವಯಸ್ಸಿನಲ್ಲಿ ದೊಡ್ಡವರು. ಸಾಹೇಬ್ರೆ ಅಂದೆ. ಅವರು ನನ್ನ ಊಟದ ಡಬ್ಬಿ ನೋಡಿ ಅಯ್ನೋರೆ ಅಂದರು. ಇಬ್ಬರೂ ಮೈಸೂರಿನವರು. ಅವರದು ಮಂಡಿ ಮೊಹಲ್ಲಾ. ತಂದೆಯದು ಟೈರ್ ರಿಪೇರಿ ಅಂಗಡಿ. ಹುಟ್ಟಿದಾಗಿನಿಂದ ಎದೆ ಸರಿಯಿಲ್ಲ. ಸ್ಕೂಲಿನಲ್ಲಿ ಆಟದ ಪೀರಿಯಡ್ಡಿಗೆ ಮೇಷ್ಟ್ರು ಇವರನ್ನು ಬೇರೆ ಹುಡುಗರ ಚಪ್ಪಲಿ ಕಾಯಲು ಕೂರಿಸುತ್ತಿದ್ದರಂತೆ. "ಓಡೋದನ್ನ ನನ್ನಷ್ಟು ಹೊತ್ತು ಕೂತು ನೋಡಿದೋರು ಯಾರೂ ಇಲ್ಲ" ಅನ್ನುತ್ತಿದ್ದರು. ಕಾರಿಡಾರಿನ ಆಚೆ ತುದಿಯಿಂದ ಕೆಮ್ಮು ಕೇಳಿದರೆ ಸಾಕು, ನಾವು ಸ್ಕ್ರೀನಿನ ಮೇಲಿನ ಕ್ರಿಕೆಟ್ ಸ್ಕೋರು ಮುಚ್ಚುತ್ತಿದ್ದೆವು.

ಅವರ ಮನೆ ಕೆನ್ಮೋರಿನಲ್ಲಿ. ಮೊದಲ ಸಲ ಹೋದಾಗ ಹಿತ್ತಲಿನಲ್ಲಿ ನಾಲ್ಕೈದು ನಾಯಿಗಳನ್ನು ಕಂಡೆ. ಉದ್ದ ಮೂತಿ, ಬಿಲ್ಲಿನ ಹಾಗೆ ಬಾಗಿದ ಬೆನ್ನು, ಕಿವಿಯಿಂದ ಇಳಿಬಿದ್ದ ರೇಷ್ಮೆಯಂಥ ಕೂದಲು, ಮತ್ತು ಎಣಿಸಬಹುದಾದ ಪಕ್ಕೆಲುಬು. ಚಿಕ್ಕಂದಿನಲ್ಲಿ ಬೀದಿ ನಾಯಿಯಿಂದ ಕಚ್ಚಿಸಿಕೊಂಡು ಹೊಟ್ಟೆಗೆ ಸೂಜಿ ಹಾಕಿಸಿಕೊಂಡವನು ನಾನು, ಬಾಗಿಲ ಸಂದಿಯಿಂದಲೇ, "ಪಾಪ, ಊಟ ಹಾಕಲ್ವಾ ಸಾಹೇಬ್ರೆ?" ಎಂದೆ. ಅವರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಯಾಕೆಂದರೆ ಅವರ ಕತೆ ಶುರುವಾದದ್ದೂ ಇದೇ ಮಾತಿನಿಂದ. ಆ ಮನೆ ಕೊಂಡ ಹೊಸದರಲ್ಲಿ ಪಕ್ಕದ ಮನೆಯ ಅಮೆರಿಕನ್ ಅಜ್ಜಿಯ ಬಡಕಲು ನಾಯಿ ನೋಡಲಾರದೆ, ಬೇಲಿಯ ಮೇಲಿಂದ ಬಿರಿಯಾನಿಯ ಮೂಳೆ ಎಸೆದರಂತೆ. ಅಜ್ಜಿ ಬಂದು ಬೈದಳು: ಇದು ಸಲೂಕಿ, ಅರಬರು ಮರಳುಗಾಡಿನಲ್ಲಿ ಜಿಂಕೆ ಹಿಡಿಯಲು ಸಾಕುತ್ತಿದ್ದ ತಳಿ, ಇರಬೇಕಾದದ್ದೇ ಹೀಗೆ. ಬೈಗುಳ ಪಾಠವಾಯಿತು, ಪಾಠ ಚಾಳಿಯಾಯಿತು. ಅಜ್ಜಿ ಸಾಯುವಾಗ ತನ್ನ ಮಕ್ಕಳಿಗೆ ಮನೆ ಬಿಟ್ಟಳು, ಇವರಿಗೆ ನಾಯಿಗಳನ್ನು ಬಿಟ್ಟಳು.

ತಳಿ ಬೆಳೆಸುವುದರಲ್ಲೂ ಸಾಹೇಬರು ಟೆಸ್ಟಿಂಗ್ ವಿಭಾಗದವರೇ. ಸಲೂಕಿಗೆ ಗ್ರೇಹೌಂಡ್ ಕೂಡಿಸಿ ಲರ್ಚರ್ ಎಂಬ ಬೆರಕೆ ಮಾಡುತ್ತಿದ್ದರು. ಗ್ರೇಹೌಂಡಿನದು ಮೊದಲ ಜಿಗಿತ, ಸಲೂಕಿಯದು ಕೊನೆಯವರೆಗಿನ ದಮ್ಮು, ಎರಡೂ ಒಂದೇ ಮೈಯಲ್ಲಿ ಬೇಕು. ನಾಯಿ ಪ್ರದರ್ಶನದವರು ಇದಕ್ಕೆ ಮೂಗು ಮುರಿಯುತ್ತಿದ್ದರು. ನಮ್ಮ ಕಡೆ ಬೈಗುಳವಾದ ಬೆರಕೆ ಎನ್ನುವ ಮಾತು ಇವರ ಬಾಯಲ್ಲಿ ಮುದ್ದಾಗಿ ಬರುತ್ತಿತ್ತು. ಆದರೆ ಪಂಜ ಅಗಲವಾಗಿದ್ದರೆ ಬೇಡ, ಕಿವಿ ಮಂದವಿದ್ದರೆ ಬೇಡ, ಎದೆಯ ಸದ್ದಿನಲ್ಲಿ ಚೂರು ಅಪಸ್ವರ ಕೇಳಿದರೂ ಬೇಡವೇ ಬೇಡ. ಈಗ ನನ್ನ ಸೋಫಾದ ಮೇಲೆ ಮಲಗುವ ಹೆಣ್ಣು ನಾಯಿ, ಹವಾ, ಹುಟ್ಟಿದ್ದು ಹೀಗೆ ಬೇಡ ಬೇಡ ಅನ್ನುತ್ತಾ ಉಳಿದ ಒಂದು ಎಳೆಯಿಂದ. ಅದಕ್ಕೆ ಜೋಡಿ ಮಾಡಲೆಂದು ಕ್ಯಾಲಿಫೋರ್ನಿಯಾದಿಂದ ಒಂದು ಗಂಡು ನಾಯಿ ಬಂತು. ರಾಜಕುಮಾರನ ಹಾಗಿತ್ತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಡಿತದಲ್ಲಿ ಬಹಳ ಸಣ್ಣ ಮರ್ಮರ್, ಅಷ್ಟೇನೂ ತೊಂದರೆಯಿಲ್ಲ ಎಂದರು. ಸಾಹೇಬರು ಅದನ್ನು ವಾಪಸು ಕಳಿಸಿದರು. ಹೆಚ್ಚುಕಡಿಮೆ ಪಾಸು. ಬೇರೆ ಗಂಡು ಹುಡುಕುವಷ್ಟರಲ್ಲಿ ಹವಾಗೆ ಮರಿ ಹಾಕುವ ವಯಸ್ಸು ಮೀರಿತು. ಅಜ್ಜಿಯ ಕಾಲದಿಂದ ಬಂದ ವಂಶ ಅಲ್ಲಿಗೆ ನಿಂತಿತು. ನಾನು ಏನೋ ಸಮಾಧಾನ ಹೇಳಹೋದೆ. "ನನ್ನ ಎದೆ ನೋಡ್ತಿದೀರಲ್ಲ," ಅಂದರು. "ಕೆಟ್ಟ ಎದೆ ಇನ್ನೊಬ್ಬರಿಗೆ ದಾಟಿಸೋದು ಬೇಡ."

*

ಅವರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತೇನೆ. ಅವರಿಗೆ ನಾಯಿಗಳ ಮೇಲೆ ದ್ವೇಷವಿರಲಿಲ್ಲ, ಜೊಲ್ಲಿನ ಮೇಲೆ ತಕರಾರಿತ್ತು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಮಾಡುವ ಹಾಗಿಲ್ಲ. ಹಾಗಾಗಿ ಮದುವೆ ಉಳಿಯಲೆಂದು ಸಾಹೇಬರು ಗ್ಯಾರೇಜಿನಲ್ಲಿ ಒಂದು ನಲ್ಲಿ ಹಾಕಿಸಿ, ಪಕ್ಕದಲ್ಲಿ ಒಂದು ಮೊಳೆ ಹೊಡೆದಿದ್ದರು. ಮೊಳೆಯ ಮೇಲೆ ಒಂದು ಮಾಸಲು ಕುರ್ತಾ: ಅದು ನಾಯಿ ಕುರ್ತಾ. ಹಿತ್ತಲಿಗೆ ಹೋಗುವಾಗ ಅದು, ಒಳಗೆ ಬರುವಾಗ ಕೈಕಾಲು ತೊಳೆದು ಬೇರೆ ಬಟ್ಟೆ. ಇದನ್ನು ನೋಡಿ ನನಗೆ ನನ್ನ ಅಜ್ಜಿಯ ಮಡಿ ಸೀರೆಯ ನೆನಪಾಯಿತು. ಹೇಳಿದೆ. ಭಾಬಿಗೆ ಖುಷಿಯಾಯಿತು, "ಅವರೂ ಬುದ್ಧಿವಂತರು" ಎಂದರು.

ಬೇಟೆ ನಾಯಿಯ ವಿಚಾರವೇ ಬೇರೆ ಎನ್ನುವುದು ಸಾಹೇಬರ ವಾದ. ಅದು ಹಿಡಿದು ಕೊಂದದ್ದನ್ನು ಕೂಡ ತಿನ್ನಬಹುದು, ಅದಕ್ಕೆ ಕಟ್ಟಳೆಗಳಿವೆ. ನಾಯಿ ಪಳಗಿರಬೇಕು. ಯಜಮಾನ ತನ್ನ ಕೈಯಿಂದಲೇ ಬಿಡಬೇಕು. ಬಿಡುವಾಗ ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಬೇಕು. ಹಿಡಿದದ್ದಕ್ಕೆ ನಾಯಿ ಬಾಯಿ ಹಾಕಿ ತಿನ್ನಕೂಡದು. ತಿಂದರೆ ಅದು ತನಗಾಗಿ ಹಿಡಿದದ್ದು, ನಿಮಗಾಗಿ ಅಲ್ಲ. ಪ್ರಾಣಿ ಇನ್ನೂ ಉಸಿರಾಡುತ್ತಿದ್ದರೆ ಚಾಕುವಿನಿಂದ ಕೊಯ್ಯಬೇಕು.

ಬಿಸ್ಮಿಲ್ಲಾ ಆಮೇಲೆ ಹೇಳಿದರೆ ಆಗಲ್ಲವೇ ಎಂದು ಕೇಳಿದೆ.

"ಊಟ ಆದ್ಮೇಲೆ ಎಲೆ ಹಾಕ್ತೀರೇನ್ರೀ ಅಯ್ನೋರೆ?"

ಮರೆತರೆ?

"ಮರೆತರೆ ಮಾಫಿ ಇದೆ," ಎಂದರು. "ಮನುಷ್ಯ ಮರೀತಾನೆ ಅಂತ ಮೇಲಿನವನಿಗೂ ಗೊತ್ತು."

ಹೀಗಾಗಿ ಅವರು ಪ್ರತಿ ಸಲವೂ ಹೇಳುತ್ತಿದ್ದರು, ನಾಯಿ ಓಡುತ್ತಿದ್ದದ್ದು ಪ್ಲಾಸ್ಟಿಕ್ ಚೀಲದ ಹಿಂದೆ ಆದರೂ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಆ ಬಯಲು ಮೊಲಗಳನ್ನು ಬೇಟೆಯಾಡುವ ಹಾಗಿಲ್ಲ. ಆದ್ದರಿಂದ ಇಂಥ ನಾಯಿ ಸಾಕುವವರು ಭಾನುವಾರ ಯಾವುದಾದರೂ ಮೈದಾನದಲ್ಲಿ ಸೇರುತ್ತಾರೆ. ನೆಲದ ಮೇಲೆ ದಾರ ಹಾಸಿ, ಅದಕ್ಕೆ ಬಿಳಿ ಚೀಲ ಕಟ್ಟಿ, ಮೋಟರಿನಿಂದ ಎಳೆಯುತ್ತಾರೆ. ಚೀಲ ಅತ್ತ ಇತ್ತ ತಿರುಗುತ್ತಾ ಓಡುತ್ತದೆ, ನಾಯಿ ಪ್ರಾಣದ ಹಂಗು ಬಿಟ್ಟು ಅಟ್ಟುತ್ತದೆ, ಕೊನೆಗೆ ಮೋಟರು ನಿಲ್ಲುತ್ತದೆ, ನಾಯಿಯ ಬಾಯಿಗೆ ಚೀಲ ಸಿಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹವಾ ಚೀಲ ಹಿಡಿದು, ಅದರ ಮೇಲೆ ಕಾಲಿಟ್ಟು ನಿಂತು ಸಾಹೇಬರ ಕಡೆ ನೋಡುತ್ತಿತ್ತು. ಇಷ್ಟೇನಾ ಅನ್ನುವ ನೋಟ. ನಾನು ಅದನ್ನು ವರ್ಷಕ್ಕೊಮ್ಮೆ, ಬೋನಸ್ಸಿನ ಕಾಗದ ತೆರೆದಾಗ, ಕನ್ನಡಿಯಲ್ಲಿ ಕಾಣುತ್ತೇನೆ.

"ಎಷ್ಟು ತಲೆಮಾರು ತಿದ್ದಿದ ಮೈ ನೋಡಿ ಇದು," ಎನ್ನುತ್ತಿದ್ದರು ಸಾಹೇಬರು. "ಒಂದು ಸಲ ಆದ್ರೂ ನಿಜವಾದ್ದು ಹಿಡೀಬೇಕು. ಹಿಡಿದದ್ದನ್ನ ನಾನು ಕೂತು ತಿನ್ನಬೇಕು. ಆಗ ಇದು ಸಾಕಿದ್ದಕ್ಕೆ ಒಂದು ಅರ್ಥ."

ವರ್ಷಗಟ್ಟಲೆ ಇದು ಬರೀ ಮಾತು. ಮಧ್ಯೆ ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ ಪತ್ತೆಯಾಯಿತು. ಆಫೀಸು ಬಿಟ್ಟರು. ಮೂಗಿಗೆ ಕೊಳವೆ ಬಂತು. ನಾಯಿಗಳನ್ನು ಒಂದೊಂದಾಗಿ ಒಳ್ಳೆಯ ಮನೆಗಳಿಗೆ ಕೊಟ್ಟರು, ಹವಾ ಒಂದು ಉಳಿಯಿತು. ಆಗ ಒಂದು ದಿನ ನನಗೆ ಕಾಲ್ ಮಾಡಿ, ಪೂರ್ವ ಒರೆಗಾನಿನ ಒಣ ಸೀಮೆಯಲ್ಲಿ ಕಪ್ಪು ಬಾಲದ ಮೊಲಕ್ಕೆ ಅಡ್ಡಿಯಿಲ್ಲ, ಲೈಸೆನ್ಸ್ ಮಾಡಿಸಿದೀನಿ, ಒಬ್ಬ ದನದ ರ‍್ಯಾಂಚಿನವನು ತನ್ನ ಜಮೀನಿನಲ್ಲಿ ಬಿಡ್ತೀನಿ ಅಂದಿದಾನೆ, ಡ್ರೈವ್ ಮಾಡೋಕೆ ನನ್ನ ಕೈಲಿ ಆಗಲ್ಲ ಎಂದರು. ಬರ್ತೀರಾ ಎಂದು ಕೇಳಲಿಲ್ಲ. ನಾನು ಹೋಗದಿದ್ದರೆ ಅವರ ಚಿಂತೆಯಲ್ಲಿ ನನಗೆ ಹೇಗೂ ನಿದ್ದೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

*

ಘಾಟಿಯಲ್ಲಿ ರಸ್ತೆ ಒಣಗಿತ್ತು. ಮೋಟೆಲಿನವಳು ಹವಾಳನ್ನು ಕಂಡು ನೆಲದ ಮೇಲೆ ಕೂತೇಬಿಟ್ಟಳು, ಸುಂದರಿ ಎಂದು ಮುದ್ದಾಡಿದಳು. ಬೆಳಿಗ್ಗೆ ರ‍್ಯಾಂಚಿನವನು ಬೇಲಿಯ ಗೇಟಿನ ಬಳಿ ಕಾದಿದ್ದ. ಕೋವಿಯಲ್ಲ, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ. ಬಿಲಗಳು ಎಲ್ಲಿಲ್ಲಿವೆ, ತಂತಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸಿ ಹೋದ. ಇಷ್ಟು ಸಲೀಸಾಗಿ ನಡೆದದ್ದನ್ನು ನಂಬಲಾಗದೆ ನಾನು ಆಕ್ಸಿಜನ್ನಿನ ಮೀಟರನ್ನು ಎರಡೆರಡು ಸಲ ನೋಡಿದೆ. ಒಂದೇ ಸಮಾಧಾನವೆಂದರೆ, ಹಿಂದಿನ ದಿನ ಡಾಕ್ಟರು ಕೊಟ್ಟ ಹೊಸ ಸಿರಪ್ಪಿನ ಗುಣವೋ ಏನೋ, ಮನೆ ಬಿಟ್ಟಾಗಿನಿಂದ ಅವರು ಕೆಮ್ಮಿರಲಿಲ್ಲ.

ಬೂದುಬಣ್ಣದ ಕುರುಚಲು ಗಿಡಗಳ ಬಯಲು. ಸಾಹೇಬರು ನಾಯಿ ಕುರ್ತಾದ ಮೇಲೆ ಜಾಕೆಟ್ ಹಾಕಿ, ಹೆಗಲಿಗೆ ಆಕ್ಸಿಜನ್ನಿನ ಚೀಲ, ಸೊಂಟಕ್ಕೆ ಚಾಕು ಕಟ್ಟಿಕೊಂಡರು. ಹವಾಳ ಕೊರಳಪಟ್ಟಿಯ ಬಳೆಯೊಳಗೆ ಒಂದು ಉದ್ದ ತೊಗಲಿನ ಎಳೆ ಹಾಯಿಸಿ, ಎರಡು ತುದಿಯನ್ನೂ ಮುಷ್ಟಿಯಲ್ಲಿ ಹಿಡಿದರು. ಒಂದು ತುದಿ ಸಡಿಲ ಬಿಟ್ಟರೆ ಎಳೆ ಸರಕ್ಕನೆ ಜಾರಿ ನಾಯಿ ಬಿಡುಗಡೆ. ನನ್ನ ಕೆಲಸ, ಅವರ ಎಡಕ್ಕೆ ದೂರದಲ್ಲಿ, ಗಿಡಗಳನ್ನು ಕೋಲಿನಿಂದ ತಟ್ಟುತ್ತಾ ನಡೆಯುವುದು. ಮೊಲ ಎದ್ದರೆ ಕೂಗಬೇಕು, ಓಡಬಾರದು. ಓಡುವ ವಿಚಾರ ನನಗೆ ಬಂದೇ ಇರಲಿಲ್ಲ.

ನಿಧಾನ ನಡಿಗೆ. ಅವರು ನಿಂತು ಉಸಿರು ತೆಗೆದುಕೊಂಡಾಗ ಹವಾ ನಿಲ್ಲುತ್ತಿತ್ತು. ಬಿಸಿಲು ಬಂತು. ಇವತ್ತು ಏಳುವುದಿಲ್ಲ ಎಂದು ನಾನು ಒಳಗೊಳಗೇ ನಿರಾಳವಾಗುತ್ತಿದ್ದಾಗ, ನನ್ನ ಬೂಟಿನ ಮುಂದಿನ ಗಿಡದ ಬುಡವೇ ಎದ್ದು ಹಾರಿತು. ನಾನು ಕೂಗಿದೆ, ಕನ್ನಡದಲ್ಲಿ, ಅಮ್ಮಾ ಎಂದು. ತಿರುಗಿ ನೋಡುವಷ್ಟರಲ್ಲಿ ಹವಾ ನನ್ನ ಮುಂದಿನಿಂದ ಹಾದುಹೋಗಿತ್ತು.

ಅಷ್ಟು ವರ್ಷ ಚೀಲದ ಹಿಂದೆ ನೋಡಿದ ಓಟ ಅದಲ್ಲ. ಮೊಲದ ಕಪ್ಪು ಬಾಲ ಎಡಕ್ಕೆ ಹೊರಳಿತು, ಹವಾಳ ಮೈಯೆಲ್ಲ ಎಡಕ್ಕೆ ಹೊರಳಿತು. ಮೊಲ ನಿಂತಂತೆ ಮಾಡಿ ಹಿಂದಕ್ಕೆ ತಿರುಗಿತು. ನಾಯಿ ಧೂಳಿನಲ್ಲಿ ಜಾರಿ, ಎದ್ದು, ಮತ್ತೆ ನೆಲಕ್ಕಂಟಿತು. ಅದು ಓಡುತ್ತಿದೆಯೋ ಬಯಲೇ ಅದರ ಕೆಳಗಿನಿಂದ ಹಿಂದಕ್ಕೆ ಹೋಗುತ್ತಿದೆಯೋ ತಿಳಿಯದ ಹಾಗೆ. ನಾಯಿಗೆ ಹೆದರುವ, ಮಾಂಸ ಮುಟ್ಟದ ನಾನು, ಹಿಡೀ, ಹಿಡೀ ಎಂದು ಗೊಣಗುತ್ತಿದ್ದೆ. ಬಹಳ ದೂರದಲ್ಲಿ ಎರಡೂ ಒಂದಾದವು. ನಾನು ಮುಖ ತಿರುಗಿಸಿಕೊಂಡೆ.

ಸಾಹೇಬರು ಅಲ್ಲಿಗೆ ಹೋಗಿ ಮುಟ್ಟಲು ತುಂಬ ಹೊತ್ತು ಹಿಡಿಯಿತು. ಅವರ ಹಿಂದೆ ನಾನು. ಹವಾ ಮೊಲವನ್ನು ನೆಲದ ಮೇಲಿಟ್ಟು, ಅದರ ಮೇಲೆ ಒಂದು ಕಾಲಿಟ್ಟು, ನಾಲಿಗೆ ಚಾಚಿ ನಿಂತಿತ್ತು. ಒಂದು ಕಚ್ಚೂ ತಿಂದಿರಲಿಲ್ಲ. ಅವರು ಮೊಣಕಾಲೂರಿ ಕೂತು ಮೊಲದ ಎದೆಯ ಮೇಲೆ ಅಂಗೈಯಿಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಇನ್ನೊಂದು ಕೈ ಚಾಕುವಿನ ಹಿಡಿಯ ಮೇಲಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಟೋಪಿ ತೆಗೆದೆ. ಆಮೇಲೆ ಅವರು ಚಾಕುವಿನ ಮೇಲಿಂದ ಕೈ ತೆಗೆದು, ಹವಾಳ ತಲೆ ನೇವರಿಸಿ, "ಶಾಬಾಶ್ ಬೇಟಾ" ಎಂದರು. ಅಷ್ಟೇ.

ವಾಪಸು ಬರುವಾಗ ಅವರು ಕಿಟಕಿಯ ಹೊರಗೇ ನೋಡುತ್ತಾ ಕೂತರು. ಸುಸ್ತು ಎಂದುಕೊಂಡೆ. ಮಾತು ನಿಂತರೆ ನನಗೆ ಭಯ, ಹಾಗಾಗಿ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ನೋಡಿದಿರಾ, ಒಂದೂ ಕೆಡಲಿಲ್ಲ ಎಂದೆ. ಸಿರಪ್ಪು ಚೆನ್ನಾಗಿದೆ, ಇನ್ನೊಂದು ಬಾಟಲು ಬರೆಸಿಕೊಳ್ಳಿ ಎಂದೆ. ಅವರು ನನ್ನ ಕಡೆ ತಿರುಗಿ ಒಂದು ಕ್ಷಣ ನೋಡಿದರು, ಮತ್ತೆ ಕಿಟಕಿಯ ಹೊರಗೆ ನೋಡಿದರು.

ಸಂಜೆ ಕೆನ್ಮೋರಿನ ಮನೆಯ ಬಾಗಿಲು ತೆರೆದಾಗ ಮಸಾಲೆಯ ಘಮ ಬಂತು. ಭಾಬಿ ಮೈಸೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿ, ಮೊಲಕ್ಕೆ ಏನೇನು ಹಾಕಬೇಕು ಎಂದು ಕೇಳಿಕೊಂಡಿದ್ದರು. ಕೊತ್ತಂಬರಿ, ಕಾಳುಮೆಣಸು, ತೆಂಗಿನಕಾಯಿ ರುಬ್ಬಿಟ್ಟು, ಪಾತ್ರೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದರು. ಅಷ್ಟು ವರ್ಷ ನಾಯಿಯನ್ನು ಹೊಸಿಲು ದಾಟಲು ಬಿಡದವರು ಅಂದು ಹವಾಗೆ ಅಡುಗೆಮನೆಯ ಬಾಗಿಲಲ್ಲಿ ಗೋಣಿ ಹಾಸಿದ್ದರು. ಸಾಹೇಬರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ಬಂದು ಕುರ್ಚಿಯಲ್ಲಿ ಕೂತರು. ನಾನಿದ್ದೇನೆಂದು ಇಬ್ಬರೂ ಕನ್ನಡದಲ್ಲೇ ಮಾತಾಡಿದರು.

"ಅದು ನಮಗಲ್ಲ," ಎಂದರು ಸಾಹೇಬರು. "ಹವಾಗೆ ಹಾಕಿಬಿಡು."

ಭಾಬಿ ಸೌಟು ಹಿಡಿದೇ ತಿರುಗಿದರು. "ಯಾಕೆ, ಬಾಯಿ ಹಾಕಿದ್ಲಾ?"

"ಇಲ್ಲ. ಅವಳದ್ದು ಏನೂ ತಪ್ಪಿಲ್ಲ. ಬಿಡುವಾಗ ಬಿಸ್ಮಿಲ್ಲಾ ಅನ್ನೋಕೆ ಬಾಯಿ ತೆಗೆದೆ. ಕೆಮ್ಮು ಬಂತು. ಎಳೆ ಕೈಯಿಂದ ಜಾರಿತು. ಹೋಗಿ ನೋಡೋ ಹೊತ್ತಿಗೆ ಕೊಯ್ಯೋಕೆ ಮೊಲದಲ್ಲಿ ಜೀವ ಇರಲಿಲ್ಲ." ನನ್ನ ಅಮ್ಮಾ ಎಂಬ ಕೂಗಿನಲ್ಲಿ ಆ ಕೆಮ್ಮು ನನಗೆ ಕೇಳಿಸಿರಲಿಲ್ಲ.

"ಮನಸ್ಸಲ್ಲಿ ಇತ್ತಲ್ಲ."

"ಇತ್ತು."

"ಮರೆತರೆ ಮಾಫಿ ಇದೆ ಅಂತ ನೀವೇ ಹೇಳ್ತಿದ್ರಿ. ಮರೆತೆ ಅಂದ್ಕೊಳ್ಳಿ."

"ಮರೀಲಿಲ್ವಲ್ಲ," ಎಂದರು ಸಾಹೇಬರು.

ಮಸೀದಿಯ ಹಿರಿಯರನ್ನು ಈಗಲೇ ಫೋನ್ ಮಾಡಿ ಕೇಳುತ್ತೇನೆ ಎಂದರು ಭಾಬಿ. ಕೇಳು, ಸರಿ ಅಂತಲೇ ಹೇಳ್ತಾರೆ, ಒಳ್ಳೆಯವರು ಅವರು ಎಂದರು ಇವರು. ಭಾಬಿ ಫೋನಿನ ಕಡೆ ಹೋಗಲಿಲ್ಲ. ನನ್ನ ಬಾಯಿಗೆ ಸುಮ್ಮನಿರಲು ಬರುವುದಿಲ್ಲ. ಮುಂದಿನ ಸಲ ಹೋದಾಗ, ಎಂದು ಶುರು ಮಾಡಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಭಾಬಿ ಒಲೆ ಆರಿಸಿದರು. ಮೊಲವನ್ನು ಗ್ಯಾರೇಜಿಗೆ ಒಯ್ದು ತಾವೇ ಒಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟರು. ಹವಾ ತಟ್ಟೆಯ ಮುಂದೆ ನಿಂತು, ಮುಟ್ಟದೆ, ಒಳಗಿನ ಕುರ್ಚಿಯ ಕಡೆಯೇ ನೋಡುತ್ತಿತ್ತು. ತಿನ್ನು ಎಂದು ಸಾಹೇಬರು ಹೇಳಬೇಕಾಯಿತು. ಆಮೇಲೆ ತಿಂದಿತು. ಅವರು ಬಾಗಿಲಿನಾಚೆ ಅದನ್ನು ನೋಡುತ್ತಾ ಕೂತರು, ಚಪ್ಪಲಿ ಕಾಯುವ ಹುಡುಗನ ಹಾಗೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.

ಭಾಬಿ ಬಂದು, ಗಂಟಲಿಗೆ ಸ್ವಲ್ಪ ಬಿಸಿನೀರು ಕೊಡಲಾ ಎಂದು ಕೇಳಿದರು. ಅವರು ತಲೆಯಾಡಿಸಿದರು. ಬಿಸಿನೀರು ಬಂತು, ಕುಡಿದರು. ಕೆಮ್ಮು ಇನ್ನೊಂದು ಸಲ ಬರಬಹುದೆಂದು ಭಾಬಿ ಟವೆಲು ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾನೂ ಕಾದೆ. ಆ ಸಂಜೆ ಅವರು ಮತ್ತೆ ಕೆಮ್ಮಲೇ ಇಲ್ಲ.